ಸಿಪಾಯಿ ಅಕ್ಷರಕ್ಕೆ ಅಳತೆ ಟೇಪು

ಮೊಳೆಯಕ್ಕನ ಅಚ್ಚುಮನೆಯಲ್ಲಿ ಅಕ್ಷರಗಳಿಗೆಲ್ಲ ಒಂದೊಂದು ಅಡ್ಡಹೆಸರಿತ್ತು. ಬಳ್ಳಿಯ ಹಾಗೆ ನುಲಿಯುವ ತೆಳ್ಳನೆಯದು ಮದುಮಗಳು. ಮಂಡಿ ಅಗಲಿಸಿ ಕೂತಂತಿರುವ ಗುಂಡಗಿನದು ಕುಂಬಳ. ಪುಸ್ತಕದ ಒಳಪುಟಕ್ಕೆ ಹಾಕುವ ಸಣ್ಣದು ಗುಮಾಸ್ತ. ಬೀರುವಿನ ಕೆಳಗಿನ ಎರಡು ಖಾನೆಗಳಲ್ಲಿ ಮರದಲ್ಲಿ ಕೆತ್ತಿದ ಅಂಗೈಯುದ್ದದ ಅಕ್ಷರಗಳಿದ್ದವು. ದಪ್ಪ ಮೂಳೆ, ಸಣ್ಣ ಸೊಂಟ, ನೆಟ್ಟನೆಯ ಬೆನ್ನು. ಅವನು ಸಿಪಾಯಿ.

ಸಿಪಾಯಿಯನ್ನು ಒಮ್ಮೆ ನೋಡಿದವರು ಮರೆಯುತ್ತಿರಲಿಲ್ಲ. ನಮ್ಮ ಅಕ್ಷರಗಳ ಸ್ವಭಾವವೇ ಗುಂಡಗೆ, ಸ್ವಲ್ಪ ಸೋಮಾರಿ. ಜಾಗ ಸಿಕ್ಕಿದಷ್ಟೂ ಹರಡಿಕೊಳ್ಳುತ್ತವೆ. ಸಿಪಾಯಿಯನ್ನು ಕೆತ್ತಿದ ಪುಣ್ಯಾತ್ಮ ಯಾರೋ, ಆ ಗುಂಡನ್ನೆಲ್ಲ ಎರಡೂ ಪಕ್ಕದಿಂದ ಒತ್ತಿ, ಮೇಲಕ್ಕೆ ಎಳೆದು, ಮೂಳೆ ಮಾತ್ರ ಒಂದಿಷ್ಟೂ ಸವೆಯದಂತೆ ಉಳಿಸಿದ್ದ. ಮೂರು ಜನ ಕೂರುವ ಬೆಂಚಿನ ಮುಂದೆ ಆರು ಜನ ಹೊಟ್ಟೆ ಒಳಗೆಳೆದುಕೊಂಡು ನಿಂತರೆ ಹೇಗೋ, ಸಿಪಾಯಿಯಲ್ಲಿ ಜೋಡಿಸಿದ ಸಾಲು ಹಾಗೆ ಕಾಣುತ್ತಿತ್ತು. ಇಕ್ಕಟ್ಟಿನಲ್ಲಿದ್ದರೂ ಯಾರೂ ಬಗ್ಗಿಲ್ಲ, ಯಾರ ಗಂಟಲೂ ಸಣ್ಣದಾಗಿಲ್ಲ.

ಸರ್ಕಸ್ಸು ಬಂದರೆ ಸಿಪಾಯಿ. ಅಂಗಡಿ ಖಾಲಿ ಮಾಡುವವರು ಬಂದರೆ ಸಿಪಾಯಿ. ನಾಯಿ ಕಳೆದುಹೋದರೆ, ಬಾವಿಯ ನೀರು ಕುಡಿಯಬೇಡಿ ಎನ್ನಬೇಕಾದರೆ, ಹಾಳೆ ಚಿಕ್ಕದಾಗಿ ಹೇಳುವುದು ದೊಡ್ಡದಾಗಿದ್ದರೆ ಸಿಪಾಯಿಯೇ ಆಗಬೇಕು. ಅವನಿಂದ ಆಗದ್ದು ಒಂದೇ: ಪಿಸುಮಾತು. ಒಮ್ಮೆ ವಾಚನಾಲಯದವರು ‘ಸದ್ದು ಮಾಡಬೇಡಿ’ ಎಂದು ಸಿಪಾಯಿಯಲ್ಲಿ ಹೊಡೆಸಿಕೊಂಡು ಹೋಗಿ, ಎರಡೇ ದಿನಕ್ಕೆ ವಾಪಸು ತಂದರು. “ಅಮ್ಮ, ಇದು ಗೋಡೆ ಮೇಲೆ ನಿಂತು ತಾನೇ ಕಿರುಚ್ತಾ ಇದೆ. ಜನ ಓದೋದು ಬಿಟ್ಟು ಇದನ್ನೇ ನೋಡ್ತಾರೆ.” ಇನ್ನೊಮ್ಮೆ ಶಾಲೆಯೊಂದಕ್ಕೆ ‘ಸುಸ್ವಾಗತ’ ಹೊಡೆದುಕೊಟ್ಟಾಗ, ಮಕ್ಕಳನ್ನು ಸೇರಿಸಲು ಬಂದ ತಾಯಂದಿರು ಗೇಟಿನಲ್ಲೇ ನಿಂತು, ಒಳಗೆ ಹೋಗಬಹುದೋ ಬೇಡವೋ ಎಂದು ಕಾವಲುಗಾರನನ್ನು ಕೇಳಿದರಂತೆ.

ಮೊಳೆಯಕ್ಕ ಒಂಬತ್ತನೆಯ ವಯಸ್ಸಿನಲ್ಲಿ ಸ್ಟೂಲು ಹತ್ತಿ ಅಪ್ಪನ ಪಕ್ಕದಲ್ಲಿ ಅಚ್ಚಿನ ಮೊಳೆ ಜೋಡಿಸಲು ನಿಂತವಳು, ಐವತ್ತೆಂಟಾದರೂ ಅಲ್ಲಿಂದ ಇಳಿದಿರಲಿಲ್ಲ. ಅಪ್ಪ ಹೋದ ಮೇಲೆ ಅಚ್ಚುಮನೆ ಅವಳದಾಯಿತು, ಮಿಷಿನಣ್ಣನೂ ಅದರ ಜೊತೆಗೇ ಬಂದ. ಕೈಮಿಷಿನಿನ ಚಕ್ರ ತಿರುಗಿಸುವ ಆತ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಆ ಹತ್ತರಲ್ಲಿ ಎಂಟು ಯಾರಿಗಾದರೂ ಚುಚ್ಚುತ್ತಿದ್ದವು.

ಆ ಸೋಮವಾರ ಬೆಳಿಗ್ಗೆ ಅವಳ ಇಬ್ಬರು ತಮ್ಮಂದಿರ ಹೆಂಡಿರು ಒಟ್ಟಿಗೆ ಅಚ್ಚುಮನೆಯ ಮೆಟ್ಟಿಲು ಹತ್ತಿದರು. ಇಬ್ಬರೂ ನಗುತ್ತಿದ್ದರು. ಮೊಳೆಯಕ್ಕನಿಗೆ ಆಗಲೇ ಸಂಶಯ ಬರಬೇಕಿತ್ತು.

ಓರಗಿತ್ತಿಯರಿಬ್ಬರೂ ಹನ್ನೊಂದು ವರ್ಷ ಸಮವಸ್ತ್ರ ಹೊಲಿಯುವ ಒಂದು ದೊಡ್ಡ ಅಂಗಡಿಯ ಹಿಂಕೋಣೆಯಲ್ಲಿ ದುಡಿದಿದ್ದರು. ದೊಡ್ಡವಳು ಕತ್ತರಿಸುತ್ತಿದ್ದಳು, ಚಿಕ್ಕವಳು ಹೊಲಿಯುತ್ತಿದ್ದಳು. ದೊಡ್ಡವಳು ಸೀಮೆಸುಣ್ಣದ ಗೆರೆ ಎಳೆಯದೆ ಕತ್ತರಿ ಹಾಕಿದರೂ ಬಟ್ಟೆ ಅಳತೆಗೆ ನೂಲಿನಷ್ಟೂ ತಪ್ಪುತ್ತಿರಲಿಲ್ಲ, ಆದರೆ ಮಿಷಿನಿನ ಮುಂದೆ ಕೂತರೆ ಹೊಲಿಗೆ ಹಾವಿನ ಹಾಗೆ ಹರಿಯುತ್ತಿತ್ತು. ಚಿಕ್ಕವಳ ಹೊಲಿಗೆ ಅಚ್ಚು ಹೊಡೆದಂತೆ, ಆದರೆ ಅವಳ ಕೈಗೆ ಕತ್ತರಿ ಕೊಟ್ಟರೆ ಒಂದೇ ಅಂಗಿಗೆ ಎರಡು ಎಡತೋಳು. ಒಬ್ಬಳನ್ನು ಬಿಟ್ಟು ಇನ್ನೊಬ್ಬಳು ಒಂದು ಕರವಸ್ತ್ರವನ್ನೂ ಮುಗಿಸಲಾರಳು. ಈಗ ಇಬ್ಬರೂ ಆ ಕೆಲಸ ಬಿಟ್ಟು, ಬೀದಿಯ ಮೂಲೆಯ ಕೋಣೆಯಲ್ಲಿ ಸ್ವಂತ ಅಂಗಡಿ ತೆರೆಯುವವರಿದ್ದರು. ಶುಕ್ರವಾರ ಬಾಗಿಲು ತೆರೆಯುತ್ತೇವೆಂದು ಕೋಣೆಯ ಒಡೆಯನಿಗೆ ಮಾತು ಕೊಟ್ಟಾಗಿತ್ತು. ತಪ್ಪಿದರೆ ಕೋಣೆ ಗಡಿಯಾರ ರಿಪೇರಿಯವನಿಗೆ. ಆ ಪುಣ್ಯಾತ್ಮ ಈಗಾಗಲೇ ದಿನಕ್ಕೆರಡು ಸಲ ಬಂದು ಕಿಟಕಿಯಲ್ಲಿ ಇಣುಕಿ, ಎಲ್ಲಿ ಮೇಜು ಹಾಕಲಿ ಎಂದು ಲೆಕ್ಕ ಹಾಕುತ್ತಿದ್ದ.

“ಅತ್ತಿಗೆ, ಗೋಡೆಗೆ ಹಚ್ಚೋಕೆ ಐವತ್ತು ಹಾಳೆ ಬೇಕು,” ಎಂದಳು ದೊಡ್ಡವಳು. “ನಮ್ಮಿಬ್ಬರ ಹೆಸರು. ದೊಡ್ಡದಾಗಿ.”

“ಸಮವಾಗಿ,” ಎಂದಳು ಚಿಕ್ಕವಳು.

“ಅದನ್ನೇ ಹೇಳಿದ್ದು. ದೊಡ್ಡದಾಗಿ.”

“ಸಮವಾಗಿ ದೊಡ್ಡದಾಗಿ.”

ಮೊಳೆಯಕ್ಕ ಕನ್ನಡಕ ಏರಿಸಿದಳು. ತೊಂದರೆ ಎಲ್ಲಿದೆ ಎನ್ನುವುದು ಅವಳಿಗೆ ಒಂದೇ ಕ್ಷಣದಲ್ಲಿ ಹೊಳೆಯಿತು. ದೊಡ್ಡವಳ ಅಜ್ಜನಿಗೆ ಪದ್ಯದ ಹುಚ್ಚು. ಮೊಮ್ಮಗಳಿಗೆ ಹೆಸರಿಡಿ ಎಂದರೆ ಅರ್ಧ ಸಾಲನ್ನೇ ಇಟ್ಟುಬಿಟ್ಟಿದ್ದರು: ಎಂಟು ಅಕ್ಷರ, ಅದರಲ್ಲಿ ‘ನ’ ಒಂದೇ ಮೂರು ಸಲ. ಪೂರ್ತಿ ಕರೆದು ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುವಂಥ ಹೆಸರು. ಚಿಕ್ಕವಳು ಅವಳಪ್ಪನಿಗೆ ಆರನೆಯ ಮಗಳು. ಅಷ್ಟು ಹೊತ್ತಿಗೆ ಅವರ ಬಳಿ ಉಳಿದಿದ್ದದ್ದು ಎರಡೇ ಅಕ್ಷರ.

“ಹಾಳೆ ಅಗಲ ಇಷ್ಟೇ,” ಎಂದು ಮೊಳೆಯಕ್ಕ ಎರಡು ಕೈ ಹಿಡಿದು ತೋರಿಸಿದಳು. “ಎಂಟು ಅಕ್ಷರ ಒಂದೇ ಸಾಲಲ್ಲಿ, ಬೀದಿಯ ಆ ಕಡೆಯಿಂದ ಕಾಣೋ ಹಾಗೆ ನಿಲ್ಲಬೇಕಾದ್ರೆ ಸಿಪಾಯಿ ಒಬ್ಬನಿಂದಲೇ ಸಾಧ್ಯ. ಇಬ್ಬರ ಹೆಸರೂ ಅದರಲ್ಲೇ ಹಾಕ್ತೀನಿ. ಒಂದೇ ಎತ್ತರ, ಒಂದೇ ದಪ್ಪ. ಆಯ್ತಾ?”

ಆಯಿತು ಎಂದರು. ಮೊಳೆಯಕ್ಕ ಸಿಪಾಯಿಯ ಖಾನೆ ಎಳೆದು, ಮೇಜಿನ ಮೇಲೆ ಎರಡು ಹೆಸರುಗಳನ್ನು ಒಂದರ ಕೆಳಗೊಂದು ಇಟ್ಟಳು. ದೊಡ್ಡವಳ ಹೆಸರಿಗೆ ಮೂರನೆಯ ‘ನ’ ಖಾನೆಯಲ್ಲಿ ಸಿಗಲಿಲ್ಲ. ಆಮೇಲೆ ಹುಡುಕಿದರಾಯಿತೆಂದು ಆ ಜಾಗದಲ್ಲಿ ಬರೀ ಮರದ ತುಂಡು ಸೇರಿಸಿ ಒಂದು ಕರಡು ಪ್ರತಿ ತೆಗೆಸಿದಳು.

ಮಿಷಿನಣ್ಣ ಹಾಳೆಯನ್ನು ಎತ್ತಿ ಹಿಡಿದ. ಮೇಲಿನ ಸಾಲಿನಲ್ಲಿ ದೊಡ್ಡವಳು ಗೋಡೆಯಿಂದ ಗೋಡೆಗೆ ನಿಂತಿದ್ದಳು. ಕೆಳಗಿನ ಸಾಲಿನ ನಡುವೆ ಚಿಕ್ಕವಳ ಎರಡು ಅಕ್ಷರಗಳು, ಕೊನೆಯ ಬಸ್ಸು ತಪ್ಪಿದ ಇಬ್ಬರು ಪ್ರಯಾಣಿಕರ ಹಾಗೆ.

ಚಿಕ್ಕವಳ ಮುಖ ಸಣ್ಣದಾಯಿತು. ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪು ತೆಗೆದು ಹಾಳೆಯ ಮೇಲೆ ಹಿಡಿದಳು. “ಅಕ್ಕನದು ಹದಿನೆಂಟು ಇಂಚು. ನನ್ನದು ನಾಲ್ಕೂವರೆ. ಇದು ಸಮಾನಾ ಅತ್ತಿಗೆ?”

“ಎತ್ತರ ನೋಡೇ,” ಎಂದು ದೊಡ್ಡವಳೂ ತನ್ನ ಟೇಪು ತೆಗೆದಳು. “ನನ್ನದೂ ಆರು, ನಿನ್ನದೂ ಆರು. ಬಟ್ಟೆ ಅಳೆಯೋವಾಗ ಉದ್ದ ತಾನೇ ಮೊದಲು?”

“ಸುತ್ತಳತೆ ತಗೊಳ್ದೆ ಯಾವ ಅಂಗಿ ಹೊಲಿದಿದ್ದೀವಿ ಅಕ್ಕ ನಾವು? ಕಂಬಕ್ಕೆ ಹೊಲಿದ್ವಾ?”

ಅಕ್ಷರಗಳನ್ನು ನೋಡುವ ಬದಲು ಅಳೆಯುವ ಗಿರಾಕಿಗಳು ಮೊಳೆಯಕ್ಕನಿಗೆ ಸಿಕ್ಕಿದ್ದು ಅದೇ ಮೊದಲು. ದರ್ಜಿಗಳ ಕಣ್ಣಿಗೆ ಅಕ್ಷರವೂ ಒಂದು ಮೈ. ಅದಕ್ಕೂ ಭುಜವಿದೆ, ಸೊಂಟವಿದೆ. ಅಲ್ಲಿ ಇಂಚು ಕಡಿಮೆಯಾದರೆ ಇಡೀ ಮನುಷ್ಯನೇ ಕಡಿಮೆಯಾದ ಹಾಗೆ. ಚಿಕ್ಕವಳ ಮನಸ್ಸು ನೋಯದಿರಲಿ ಎಂದು ಮೊಳೆಯಕ್ಕ ಅವಳ ಹೆಸರಿಗೆ ಕುಂಬಳವನ್ನು ಹೊರತೆಗೆದಳು. ಎರಡೇ ಅಕ್ಷರ ಸಾಲು ತುಂಬಿದವು. ಎರಡನೆಯ ಪ್ರತಿ ಬಂತು.

ಈಗ ದೊಡ್ಡವಳ ಸರದಿ. ಟೇಪಿನ ತುದಿಯನ್ನು ಉಗುರಿನಲ್ಲಿ ಒತ್ತಿಹಿಡಿದು ಅಕ್ಷರದ ಮೂಳೆ ಅಳೆದಳು. “ಇವಳದು ಎರಡು ಇಂಚು ದಪ್ಪ. ನನ್ನದು ಒಂದು. ಎತ್ತರ ಎಂಟು! ನನ್ನ ತಲೆ ಮೇಲೆ ಕೂರಿಸಿಬಿಟ್ರಲ್ಲ ಅತ್ತಿಗೆ ಇವಳನ್ನ! ನೋಡಿದವರು, ಅಂಗಡಿ ಇವಳದು, ಮೇಲೆ ಇರೋದು ಯಾವುದೋ ಬೀದಿ ವಿಳಾಸ ಅಂದ್ಕೋತಾರೆ.”

“ಮೇಲಿರೋಳೇ ನೀನು. ನಾನು ಕೆಳಗೆ ಇದ್ದೀನಿ.”

“ಕೆಳಗಿದ್ದುಕೊಂಡೇ ಮೇಲೆ ಬಂದಿದ್ದೀಯ. ನನಗೆ ಗೊತ್ತಿಲ್ವಾ ನಿನ್ನ ವಿದ್ಯೆ.”

“ಅಣ್ಣಾ, ನೀವು ಹೇಳಿ,” ಎಂದು ಚಿಕ್ಕವಳು ಮಿಷಿನಣ್ಣನ ಕಡೆ ತಿರುಗಿದಳು.

“ಕೋಣೆಗೆ ಗಡಿಯಾರದವನಿದ್ದಾನೆ. ಅವನ ಹೆಸರಿಗೆ ನಾಲ್ಕೇ ಅಕ್ಷರ,” ಎಂದ ಮಿಷಿನಣ್ಣ, ಚಕ್ರಕ್ಕೆ ಎಣ್ಣೆ ಬಿಡುತ್ತಾ.

ಆ ಮಾತು ಯಾರಿಗೂ ರುಚಿಸಲಿಲ್ಲ. ದೊಡ್ಡವಳು, ತನ್ನ ಹೆಸರು ಪೂರ್ತಿಯಾಗಿ ದೊಡ್ಡದಾಗಿ ಬರದಿದ್ದರೆ ಶುಕ್ರವಾರ ಕತ್ತರಿ ಮುಟ್ಟುವುದಿಲ್ಲ ಎಂದಳು. ಚಿಕ್ಕವಳು, ಹನ್ನೊಂದು ವರ್ಷ ಹಿಂಕೋಣೆಯಲ್ಲಿ ಚಿಕ್ಕವಳಾಗಿದ್ದು ಸಾಕು, ಗೋಡೆಯ ಮೇಲೂ ಚಿಕ್ಕವಳಾಗಲಾರೆ ಎಂದಳು. ಒಬ್ಬಳು ಬೀದಿಯ ಎಡಕ್ಕೂ ಇನ್ನೊಬ್ಬಳು ಬಲಕ್ಕೂ ಹೋದರು. ಇಬ್ಬರ ಮನೆಯೂ ಒಂದೇ ಆದ್ದರಿಂದ ಒಬ್ಬಳು ಇಡೀ ಪೇಟೆ ಸುತ್ತಿ ಬರಬೇಕಾಯಿತು.

ಮಧ್ಯಾಹ್ನ ಮೊಳೆಯಕ್ಕ ತಮ್ಮಂದಿರಿಗೆ ಹೇಳಿಕಳಿಸಿದಳು. ಒಬ್ಬನಿಗೆ ಇದ್ದಕ್ಕಿದ್ದಂತೆ ಮನೆಯ ಮಾಡು ಸೋರುವುದು ನೆನಪಾಗಿ ಏಣಿ ಹತ್ತಿದ್ದನಂತೆ. ಇನ್ನೊಬ್ಬ ಅದಕ್ಕೆ ಬೇಕಾದ ಸಾಮಾನು ತರಲು ಹೋಗಿದ್ದನಂತೆ. ಮಳೆಗಾಲ ಇನ್ನೂ ನಾಲ್ಕು ತಿಂಗಳಿತ್ತು.

ಮಂಗಳವಾರ ಬೆಳಿಗ್ಗೆ ಮೊಳೆಯಕ್ಕ ಮೂರನೆಯ ‘ನ’ವನ್ನು ಹುಡುಕುವುದಕ್ಕೆಂದು ಬೀರುವನ್ನೇ ಬರಿದು ಮಾಡಿದಳು. ಜಗಳ ಬಗೆಹರಿಯಲಿ ಬಿಡಲಿ, ಅಕ್ಷರ ಕಾಣೆಯಾಗಿದೆ ಎನ್ನುವುದು ಅವಳಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತಾಗಿತ್ತು. ಕೊನೆಗೆ ಸಿಕ್ಕಿತು. ಖಾನೆಯ ಹಿಂದೆ ಬಿದ್ದು, ನಡುವೆ ಸೀಳಿ, ಗೆದ್ದಲು ತಿಂದು, ಮುಟ್ಟಿದರೆ ಪುಡಿಯಾಗುವಂತಿತ್ತು. ಹೊಸದು ಕೆತ್ತಿಸೋಣವೆಂದರೆ ಮರದ ಅಕ್ಷರ ಕೆತ್ತುವವರು ಈಗ ಯಾರಿದ್ದಾರೆ?

ಅಷ್ಟರಲ್ಲಿ ದೊಡ್ಡವಳು ಬಂದಳು. ಬಂದವಳು ಜಗಳದ ಮಾತೆತ್ತದೆ, ಗೋಡೆಗೆ ಚುಚ್ಚಿದ್ದ ಮೊದಲ ಕರಡು ಪ್ರತಿಯ ಮುಂದೆ ನಿಂತಳು. ತನ್ನ ಹೆಸರಿನ ನಡುವೆ ಹಲ್ಲು ಬಿದ್ದಂತಿದ್ದ ಖಾಲಿ ಜಾಗವನ್ನು ಬೆರಳಿನಿಂದ ಮುಟ್ಟಿದಳು.

“ಇಲ್ಲೂ ಕಮ್ಮಿ ಬಿತ್ತಾ ಅತ್ತಿಗೆ?”

“ಅಕ್ಷರ ಹಾಳಾಗಿದೆ ಕಣೇ. ನಿನ್ನ ಹೆಸರಿಂದ ಒಂದು ತೆಗೆದುಬಿಟ್ರೆ? ಮನೇಲಿ ಕರೆಯೋ ಹೆಸರು ಹಾಕಿದ್ರೆ?”

ದೊಡ್ಡವಳು ಸ್ಟೂಲಿನ ಮೇಲೆ ಕೂತಳು. “ಶಾಲೆಯಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರು ಬರೆಯೋ ಮನೆ ಚಿಕ್ಕದಿದೆ ಅಂತ ಮೊದಲ ಮೂರು ಅಕ್ಷರ ಬರೆದ್ರು. ಮತದಾರರ ಪಟ್ಟೀಲಿ ನಾಲ್ಕು. ಗಂಡನ ಮನೆಗೆ ಬಂದ್ರೆ, ನಿಮ್ಮ ತಮ್ಮ ‘ಏನೇ’ ಅಂತಾರೆ. ಅದು ಹೆಸರೇ ಅಲ್ಲ. ಅಂಗಡೀಲಿ ಹನ್ನೊಂದು ವರ್ಷ ‘ಏಯ್ ಕಟಿಂಗ್’. ಅಜ್ಜ ಇರೋವರೆಗೂ ಅವರೊಬ್ಬರೇ ಪೂರ್ತಿ ಕರೀತಿದ್ರು. ಅವರು ಹೋದ ಮೇಲೆ ಆ ಹೆಸರನ್ನ ಒಬ್ಬರ ಬಾಯಲ್ಲೂ ಕೇಳಿಲ್ಲ ನಾನು. ಒಂದ್ಸಲ, ಬೀದಿ ಗೋಡೆ ಮೇಲೆ, ಇದು ನಂದು ಅಂತ ಪೂರ್ತಿ ನೋಡ್ಬೇಕು ಅತ್ತಿಗೆ. ಅಷ್ಟೇ.”

ಬಾಗಿಲಲ್ಲಿ ನೆರಳು ಸರಿಯಿತು. ಚಿಕ್ಕವಳು ಯಾವಾಗಲೋ ಬಂದು ಹೊರಗೆ ನಿಂತಿದ್ದಳು. ಕೇಳಿಸಿಕೊಂಡೂ ಇದ್ದಳು. ಆದರೆ ಹಿಂದಿನ ದಿನ ಅಷ್ಟು ಬಿರುಸಾಗಿ ಹೋದವಳಿಗೆ ಮೆತ್ತಗೆ ಒಳಗೆ ಬರುವುದು ಹೇಗೆಂದು ತಿಳಿಯದೆ, ಗಂಟುಮುಖ ಹಾಕಿಕೊಂಡೇ ಬಂದಳು.

“ಒಂದು ಅಕ್ಷರ ಇಲ್ಲದಿದ್ರೆ ಮಾಡಿಕೊಂಡ್ರಾಯ್ತು,” ಎಂದಳು, ಯಾರನ್ನೂ ನೋಡದೆ. “ಊರಲ್ಲಿ ಇವಳಿಗಿಂತ ಚೆನ್ನಾಗಿ ಕತ್ತರಿ ಹಿಡಿಯೋರು ಯಾರಿದ್ದಾರೆ? ಮರವೇ ಆಗಬೇಕಾ ಅತ್ತಿಗೆ? ಚಪ್ಪಲಿ ರಿಪೇರಿಯವನ ಹತ್ತಿರ ಅಟ್ಟೆಗೆ ಹಾಕೋ ರಬ್ಬರ್ ಹಾಳೆ ಇರುತ್ತಲ್ಲ. ಅದನ್ನ ಕತ್ತರಿಸಿ ಮರದ ತುಂಡಿಗೆ ಅಂಟಿಸಿದ್ರೆ?”

ಮೊಳೆಯಕ್ಕ ಮಿಷಿನಣ್ಣನ ಮುಖ ನೋಡಿದಳು. ಮಿಷಿನಣ್ಣ ಚಪ್ಪಲಿ ರಿಪೇರಿಯವನ ಕಡೆ ಹೊರಟೇಬಿಟ್ಟ. ಒಪ್ಪಿಗೆಗೆ ಅವನು ಮಾತು ಖರ್ಚು ಮಾಡುತ್ತಿರಲಿಲ್ಲ.

ರಬ್ಬರು ಬಂತು, ನುಣುಪಾದ ಕಪ್ಪು ಹಾಳೆ. ದೊಡ್ಡವಳು ಕರಡು ಪ್ರತಿಯಿಂದ ಒಂದು ‘ನ’ವನ್ನು ತೆಳು ಕಾಗದಕ್ಕೆ ಇಳಿಸಿಕೊಂಡು, ಅದನ್ನು ರಬ್ಬರಿನ ಮೇಲಿಟ್ಟಳು. ಮೊಳೆಯಕ್ಕ ಬಾಯಿ ತೆರೆದಳು. “ಸ್ವಲ್ಪ ನಿಲ್ಲು, ಅದು ಹಾಗಲ್ಲ...”

“ಅತ್ತಿಗೆ, ನಿಮ್ಮ ಮಿಷಿನು ನಿಮಗೆ, ನನ್ನ ಕತ್ತರಿ ನನಗೆ. ಕತ್ತರಿಸೋದನ್ನ ನನಗೆ ಹೇಳಿಕೊಡ್ಬೇಡಿ.”

ಮೊಳೆಯಕ್ಕ ಬಾಯಿ ಮುಚ್ಚಿದಳು. ಹೇಳಿ ಕಲಿಸಲಾಗದ್ದನ್ನು ಕೆಲಸವೇ ಕಲಿಸುತ್ತದೆ ಎಂದು ಐವತ್ತು ವರ್ಷದಲ್ಲಿ ಅವಳು ಕಂಡುಕೊಂಡಿದ್ದಳು.

ಕತ್ತರಿ ಓಡಿತು. ಎರಡು ಮೂರು ಕಡೆ ನಿಂತು ದೊಡ್ಡವಳು ಕರಡು ಪ್ರತಿಯ ‘ನ’ವನ್ನು ಬೆಳಕಿಗೆ ಹಿಡಿದು ನೋಡಿದಳು. “ಇವನು ಹಿಂಡಿಸಿಕೊಂಡು ತೆಳ್ಳಗಾದವನಲ್ಲ ಅತ್ತಿಗೆ,” ಎಂದಳು, ಅರ್ಧ ತನಗೇ ಎನ್ನುವಂತೆ. “ಹಿಂಡಿದ್ರೆ ಮೂಳೇನೂ ಸಣ್ಣಗಾಗಬೇಕಿತ್ತು. ಒಳಗಿನ ಖಾಲಿ ಜಾಗ ಮಾತ್ರ ಹಿಡಿದುಬಿಟ್ಟಿದ್ದಾರೆ. ಸೊಂಟದಲ್ಲಿ ಹಿಡಿದು, ಭುಜ ಹಾಗೇ ಬಿಟ್ಟ ಹಾಗೆ. ಕತ್ತರಿಸಿದವನು ಒಳ್ಳೇ ಕೆಲಸಗಾರ.”

ಅಕ್ಷರವನ್ನು ಅಂಟಿಸಿ, ಎತ್ತರ ಸಮ ಮಾಡಲು ಕೆಳಗೆ ಕಾಗದದ ಪಟ್ಟಿ ತುರುಕಿ, ಸಾಲಿನಲ್ಲಿ ಸೇರಿಸಿ ಬಿಗಿ ಮಾಡಿದರು. ಮಸಿಯ ರೋಲರು ಹರಿಯಿತು. ಮಿಷಿನಣ್ಣ ಹಾಳೆ ಎತ್ತಿದ.

ಏಳು ಅಕ್ಷರಗಳು ಓದುವವರ ಕಡೆ ನೋಡುತ್ತಿದ್ದವು. ಹೊಸ ‘ನ’ ಒಂದೇ ಉಳಿದವರ ಮೇಲೆ ಸಿಟ್ಟಾದಂತೆ ಆ ಕಡೆ ಮುಖ ತಿರುಗಿಸಿತ್ತು.

ಅಚ್ಚಿನ ಅಕ್ಷರವೆಂದರೆ ಕನ್ನಡಿಯೊಳಗಿನ ಅಕ್ಷರ, ತಿರುಗುಮುರುಗಾಗಿ ಇದ್ದರೆ ಮಾತ್ರ ಹಾಳೆಯ ಮೇಲೆ ನೇರ ಬೀಳುತ್ತದೆ ಎನ್ನುವುದು ಮೊಳೆಯಕ್ಕನಿಗೆ ಉಸಿರಾಟದಷ್ಟು ಸಹಜ. ದೊಡ್ಡವಳಿಗೆ ಅದು ಹೊಳೆದೇ ಇರಲಿಲ್ಲ. ಚಿಕ್ಕವಳ ಕಡೆಯಿಂದ ಕುಕ್ಕರು ಸಿಳ್ಳೆ ಹಾಕುವ ಮುಂಚಿನಂಥ ಸದ್ದು ಬಂತು.

“ನಗಬೇಡ,” ಎಂದಳು ದೊಡ್ಡವಳು.

“ನಾನೆಲ್ಲಿ ನಕ್ಕೆ?”

“ಹೊಟ್ಟೆ ಅಲ್ಲಾಡ್ತಿದೆ.”

“ಅಕ್ಕ,” ಎಂದಳು ಚಿಕ್ಕವಳು, ಗೋಡೆಗೆ ಕೈ ಊರಿಕೊಂಡು, “ನಾನು ಮದುವೆಯಾಗಿ ಬಂದ ವರ್ಷ ಎರಡು ಎಡತೋಳು ಕತ್ತರಿಸಿದ್ದು ನೆನಪಿದೆಯಾ? ಹನ್ನೊಂದು ವರ್ಷ ಬಂದವರಿಗೆ ಹೋದವರಿಗೆಲ್ಲ ಹೇಳಿದ್ದೀಯ. ತರಕಾರಿಯವಳಿಗೂ ಹೇಳಿದ್ದೀಯ. ಈಗ ಇದು ಯಾವ ತೋಳು?”

ದೊಡ್ಡವಳು ಸಿಟ್ಟಾಗಲು ಪ್ರಯತ್ನಿಸಿದಳು. ಆಗಲಿಲ್ಲ. ಮೊದಲು ಮೂಗಿನಲ್ಲಿ ನಕ್ಕಳು, ಆಮೇಲೆ ಬಾಯಲ್ಲಿ, ಆಮೇಲೆ ಸ್ಟೂಲಿನಿಂದ ಜಾರಿ ಕಾಗದದ ರಾಶಿಯ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಿಷಿನಣ್ಣ ಕೂಡ ಗೋಡೆಯ ಕಡೆ ತಿರುಗಿ ನಿಂತಿದ್ದ. ಅವನ ಭುಜಗಳು ಕುಣಿಯುತ್ತಿದ್ದವು.

ಸರಿಮಾಡಿದ್ದು ಚಿಕ್ಕವಳೇ. “ರಬ್ಬರ್ ಎರಡೂ ಕಡೆ ಒಂದೇ ಥರ ಇದೆಯಲ್ಲ. ಮಗುಚಿ ಅಂಟಿಸು. ಬಟ್ಟೆಯ ಒಳಮೈ ಹೊರಗೆ ಮಾಡಿದ ಹಾಗೆ.” ಮಗುಚಿದರು. ಎಂಟು ಅಕ್ಷರಗಳೂ ಒಂದೇ ಕಡೆ ಮುಖ ಮಾಡಿ ನಿಂತವು. ಹೊಸ ‘ನ’ ಯಾವುದು, ಹಳೆಯದು ಯಾವುದು ಎಂದು ಮೊಳೆಯಕ್ಕನೂ ಎರಡು ಸಲ ನೋಡಬೇಕಾಯಿತು.

ದೊಡ್ಡವಳು ಹಾಳೆಯನ್ನು ಎದೆಯ ಮಟ್ಟಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಕೆಳಗಿಟ್ಟು, ಉಳಿದ ರಬ್ಬರನ್ನು ಎಳೆದುಕೊಂಡಳು.

“ಇವಳದ್ದೂ ನಾನೇ ಕತ್ತರಿಸ್ತೀನಿ,” ಎಂದಳು. “ಸಿಪಾಯಿಯ ಎತ್ತರವೇ. ಸಿಪಾಯಿಯ ಮೂಳೆಯೇ. ಅಗಲ ಮಾತ್ರ ಸಾಲು ತುಂಬೋ ಹಾಗೆ ಬಿಡ್ತೀನಿ. ಉದ್ದವೂ ಸಮ, ಸುತ್ತಳತೆಯೂ ಸಮ. ಎರಡು ಟೇಪೂ ಬಾಯಿ ಮುಚ್ಚಿಕೊಂಡು ಇರಲಿ.”

ಇಂಥ ಉಪಾಯ ಮೊಳೆಯಕ್ಕನಿಗೂ ಹೊಳೆದಿರಲಿಲ್ಲ. ಅಕ್ಷರವನ್ನು ಹೊಲಿಗೆ ಬಿಚ್ಚಿ ಸಡಿಲ ಮಾಡಬಹುದೆಂದು ಅಚ್ಚಿನವರು ಯಾರಾದರೂ ಯೋಚಿಸುತ್ತಾರೆಯೇ? ಒಂದು ಗಂಟೆಯಲ್ಲಿ ಎರಡು ಅಗಲ ಅಕ್ಷರಗಳು ಸಿದ್ಧವಾದವು, ಈ ಸಲ ಮೊದಲೇ ಮಗುಚಿ. ಪ್ರತಿ ಬಂತು. ಚಿಕ್ಕವಳು ಟೇಪು ಹಿಡಿದಳು. ಎತ್ತರ ಆರು, ಆರು. ಅಗಲ ಹದಿನೆಂಟು, ಹದಿನೆಂಟು. ಮೂಳೆ ಒಂದು, ಒಂದು. ಎಲ್ಲಿ ಅಳೆದರೂ ಲೋಪವಿಲ್ಲ.

ಟೇಪು ಬಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ಬರಿಗಣ್ಣಿನಲ್ಲಿ ನೋಡಿದಳು. ಮೇಲೆ ಎಂಟು ಜನ ಎದೆ ಸೆಟೆಸಿ ನಿಂತಿದ್ದರು. ಕೆಳಗೆ ಎರಡು ಅಕ್ಷರಗಳು ಊಟವಾದ ಮೇಲೆ ಅಡ್ಡಾದವರ ಹಾಗೆ ಮೈಚಾಚಿ ಬಿದ್ದಿದ್ದವು. ಇಷ್ಟು ಅಗಲಕ್ಕೆ ಆ ಮೂಳೆ ಸಾಲದೆ, ಒಳಗೆಲ್ಲ ಬಯಲು.

“ಚೆನ್ನಾಗಿದೆ,” ಎಂದಳು ಚಿಕ್ಕವಳು, ದನಿಯಲ್ಲಿ ಚೂರೂ ಸಂತೋಷವಿಲ್ಲದೆ.

“ನಿಜ ಹೇಳು,” ಎಂದಳು ದೊಡ್ಡವಳು.

“ಅಳತೆ ಸರಿ ಇದೆ ಅಕ್ಕ. ಮೈಗೆ ಕೂತಿಲ್ಲ.”

“ಎರಡು ಮಂಚ ಮಾರಾಟಕ್ಕಿಟ್ಟ ಹಾಗಿದೆ,” ಎಂದ ಮಿಷಿನಣ್ಣ.

ಚಿಕ್ಕವಳು ಮೊದಲ ದಿನದ ಹಾಳೆಯ ಮುಂದೆ ಹೋಗಿ ನಿಂತಳು. ಸಿಪಾಯಿಯ ಎರಡೇ ಅಕ್ಷರಗಳು, ಎರಡು ಕಡೆಯೂ ಬಿಳಿಯ ಬಯಲು. ನಿನ್ನೆ ನೋಡಿ ಅಳು ಬಂದಿದ್ದ ಅದನ್ನೇ ಇವತ್ತು ತಲೆ ಓರೆ ಮಾಡಿ ನೋಡಿದಳು. ಮೊಳೆಯಕ್ಕ ಅವಳ ಪಕ್ಕಕ್ಕೆ ಬಂದಳು.

“ನಾನು ಒಂದು ಮಾತು ಹೇಳ್ಲಾ? ಬೀದೀಲಿ ಹೋಗೋರ ಕಣ್ಣು ಇಕ್ಕಟ್ಟಲ್ಲಿ ನಿಲ್ಲಲ್ಲ. ಸುತ್ತ ಬಯಲಿದ್ದ ಕಡೆ ಹೋಗಿ ಕೂರುತ್ತೆ. ಮೇಲಿನ ಸಾಲನ್ನ ಓದಬೇಕು. ನಿನ್ನದನ್ನ ಓದೋದೇ ಬೇಡ, ನೋಡಿದ್ರೆ ಸಾಕು.”

“ಇದನ್ನ ನಿನ್ನೆ ಯಾಕೆ ಹೇಳ್ಲಿಲ್ಲ ಅತ್ತಿಗೆ?”

“ನಿನ್ನೆ ನೀನು ಟೇಪು ಹಿಡಿದಿದ್ದೆ. ಟೇಪಿಗೆ ಕಿವಿ ಇರಲ್ಲ.”

ಚಿಕ್ಕವಳು ಇನ್ನೊಂದು ಸಲ ನೋಡಿ, “ಹಾಗಾದ್ರೆ ಇದೇ ಇರಲಿ. ನನ್ನ ಸುತ್ತ ನನ್ನದೇ ಅಂಗಳ,” ಎಂದಳು. ಈ ಸಲ ದನಿಯಲ್ಲಿ ಒಡತಿಯ ಗತ್ತಿತ್ತು.

ಆ ಗತ್ತು ಕೇಳಿದ್ದೇ ದೊಡ್ಡವಳ ಹುಬ್ಬು ಮೇಲೇರಿತು. “ನಿಲ್ಲಿ ಅತ್ತಿಗೆ. ಅಂಗಳ ಇದ್ದೋರೇ ಮೊದಲು ಕಾಣೋದಾದ್ರೆ, ನನಗೂ ಬೇಕು ಒಂದಿಷ್ಟು.”

“ನಿನ್ನ ಅಂಗಳದಲ್ಲೆಲ್ಲ ನಿಮ್ಮಜ್ಜ ಮನೆ ಕಟ್ಟಿಬಿಟ್ಟಿದ್ದಾರೆ,” ಎಂದಳು ಮೊಳೆಯಕ್ಕ. “ಒಂದು ಅಕ್ಷರ ಕೆಡವಿದ್ರೆ ಜಾಗ ಆಗುತ್ತೆ. ಕೆಡವ್ಲಾ?”

“ಮುಟ್ಟಿ ನೋಡಿ!”

ಬುಧವಾರ ಐವತ್ತು ಹಾಳೆಗಳು ಮುಗಿದವು. ಅಗಲದ ಎರಡು ರಬ್ಬರ್ ಅಕ್ಷರಗಳನ್ನು ಮಿಷಿನಣ್ಣ ತನ್ನ ಚಪ್ಪಲಿಯ ಅಟ್ಟೆಗೆ ಹೊಲಿಸಿಕೊಂಡ. ಗುರುವಾರ ಬೀದಿಯ ಗೋಡೆಗಳ ಮೇಲೆಲ್ಲ ಓರಗಿತ್ತಿಯರು ನಿಂತರು. ಆವತ್ತು ದೊಡ್ಡವಳು ಸೊಪ್ಪು ತರಲು ಮೂರು ಸಲ ಹೊರಗೆ ಹೋದಳು. ಮೂರು ಸಲವೂ ಸೊಪ್ಪು ಮರೆತು ಬಂದಳು.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆಯಿತು. ಮೊಳೆಯಕ್ಕ ಉಗುರಿನ ಮಸಿ ಉಜ್ಜಿ ಉಜ್ಜಿ ತೊಳೆದುಕೊಂಡು ಬಂದು, ಗಿರಾಕಿಗಳಿಗೆಂದು ಹಾಕಿದ್ದ ಬೆಂಚಿನ ತುದಿಯಲ್ಲಿ ಕೂತಳು. ಚಿಕ್ಕವಳು ಮಿಷಿನಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು, ಹೊಲಿಯಲು ಏನೂ ಇಲ್ಲದೆ ಒಂದು ಚಿಂದಿಗೆ ಸಾಲು ಸಾಲಾಗಿ ಹೊಲಿಗೆ ಹಾಕುತ್ತಾ. ದೊಡ್ಡವಳು ಬೀದಿಗೆ ಬೆನ್ನು ಮಾಡಿ ಕತ್ತರಿಸುವ ಮೇಜನ್ನು ನಾಲ್ಕನೆಯ ಸಲ ಒರೆಸುತ್ತಿದ್ದಳು. ಒಂದು ಗಂಟೆ ಯಾರೂ ಬರಲಿಲ್ಲ. ಗಡಿಯಾರದವನು ಒಮ್ಮೆ ಹಾದುಹೋದ, ಇಣುಕಲಿಲ್ಲ.

ಆಮೇಲೆ ಆಸ್ಪತ್ರೆಯ ಕೆಲಸ ಮುಗಿಸಿ ನೇರವಾಗಿ ಬಂದಂತಿದ್ದ ಒಬ್ಬ ನರ್ಸು ಬಟ್ಟೆಯ ಗಂಟು ಹಿಡಿದು ಮೆಟ್ಟಿಲ ಬಳಿ ನಿಂತಳು. ಬಾಗಿಲ ಪಕ್ಕದ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದಳು. ದಿನವೆಲ್ಲ ಚೀಟಿ ನೋಡಿ ರೋಗಿಗಳ ಹೆಸರು ಕೂಗುವ ಗಂಟಲು ಅದು, ಎಂಥ ಹೆಸರಿಗೂ ತೊಡರುವುದಲ್ಲ. ಎಂಟೂ ಅಕ್ಷರವನ್ನು ಒಂದೂ ನುಂಗದೆ, ಬೀದಿಯ ಆ ಕಡೆಗೂ ಕೇಳುವ ಹಾಗೆ ಕೂಗಿ, “ಯಾರಮ್ಮ?” ಎಂದಳು.

ದೊಡ್ಡವಳು ಮೇಜು ಒರೆಸುತ್ತಲೇ ಇದ್ದಳು. ಆಮೇಲೆ, ಯಾರನ್ನು ಕರೆದರೋ ಎಂದು ಸುತ್ತ ನೋಡಿದಳು.

“ಅಕ್ಕ,” ಎಂದಳು ಚಿಕ್ಕವಳು. “ನಿನ್ನನ್ನೇ.”

ದೊಡ್ಡವಳು ಒರೆಸುವ ಬಟ್ಟೆಯನ್ನು ಮೇಜಿನ ಮೇಲೆ ಬಿಟ್ಟಳು. ಬಾಗಿಲಿಗೆ ಬಂದಳು. ಕೊರಳಿನ ಟೇಪು ಎಳೆದುಕೊಂಡು ನರ್ಸಿನ ಭುಜಕ್ಕೆ ಹಿಡಿದಳು, ಹಿಡಿದದ್ದನ್ನು ಓದುವುದು ಮರೆತಳು.

“ಇನ್ನೊಂದ್ಸಲ ಕರೀತೀರಾ?” ಎಂದಳು. “ಸರಿಯಾಗಿ ಕೇಳಿಸಲಿಲ್ಲ.”

“ಕೇಳಿಸಿದೆ ರೀ, ಸುಳ್ಳು ಹೇಳ್ತಾಳೆ,” ಎಂದಳು ಚಿಕ್ಕವಳು ಮಿಷಿನಿನ ಹಿಂದಿನಿಂದ. “ಆದ್ರೂ ಕರೀರಿ, ಪರವಾಗಿಲ್ಲ. ಅಷ್ಟರಲ್ಲಿ ನಾನು ದಾರ ಪೋಣಿಸ್ಕೋತೀನಿ.”

ನರ್ಸು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಮೊದಲಿಗಿಂತ ಗಟ್ಟಿಯಾಗಿ, ಪೂರ್ತಿ ಕರೆದಳು.